ಕ್ಯಾಲ್ಸಿಯಂ ಕಲ್ಲು ಅಂತ ಹಾಲು ಬಿಡ್ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಂಗೆ 41 ವರ್ಷ. ಎರಡು ಸಲ ಕಿಡ್ನಿ ಸ್ಟೋನ್ ಆಗಿದೆ, ಕಲ್ಲನ್ನ ಲ್ಯಾಬಿಗೆ ಕೊಟ್ಟಾಗ ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬಂತು. ಅವತ್ತಿಂದ ಹಾಲು ಮೊಸರು ಮುಟ್ಟಿಲ್ಲ. ಆದ್ರೂ ಸ್ಕ್ಯಾನಿಂಗಲ್ಲಿ ಇನ್ನೊಂದು ಸಣ್ಣ ಕಲ್ಲು ಕಾಣ್ತಿದೆ. ಇನ್ನೇನು ಬಿಡ್ಲಿ? ಮಾತ್ರೆ ಏನಾದ್ರೂ ಇದ್ಯಾ? (ಹೆಸರು ಬೇಡ)

ಉತ್ತರ: ಮೊದ್ಲು ಹಾಲು ಮೊಸರು ವಾಪಸ್ ಶುರು ಮಾಡಿ. ಊಟದಲ್ಲಿರೋ ಕ್ಯಾಲ್ಸಿಯಂ ಆಕ್ಸಲೇಟನ್ನ (ಕೆಲವು ಸೊಪ್ಪು, ಬೀಜಗಳಲ್ಲಿರೋ ವಸ್ತು) ಕರುಳಲ್ಲೇ ಹಿಡ್ಕೊಂಡು ಮಲದಲ್ಲಿ ಹೊರಗೆ ಹಾಕುತ್ತೆ, ನೀವು ಕ್ಯಾಲ್ಸಿಯಂ ನಿಲ್ಸಿದ್ರೆ ಆ ಆಕ್ಸಲೇಟ್ ಆರಾಮಾಗಿ ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತೆ, ಅಲ್ಲಿ ಕಲ್ಲಿಗೆ ದಾರಿ ಆಗುತ್ತೆ. 2002ರಲ್ಲಿ ಇಟಲಿಯ ವೈದ್ಯರು ಪ್ರಕಟಿಸಿದ ಐದು ವರ್ಷದ ಅಧ್ಯಯನದಲ್ಲಿ, ಕ್ಯಾಲ್ಸಿಯಂ ಕಮ್ಮಿ ಮಾಡಿದವರಿಗಿಂತ ಕ್ಯಾಲ್ಸಿಯಂ ಮಾಮೂಲಾಗಿಟ್ಟು ಉಪ್ಪು, ಮಾಂಸ ಕಮ್ಮಿ ಮಾಡಿದವರಿಗೆ ಕಲ್ಲು ಮರುಕಳಿಸಿದ್ದು ಹೆಚ್ಚುಕಮ್ಮಿ ಅರ್ಧದಷ್ಟು. ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಅದೂ ಊಟದ ಜೊತೆಗೇ.

ಏನು ಬಿಡ್ಬೇಕು ಅನ್ನೋದಕ್ಕಿಂತ ಯಾಕೆ ಆಗ್ತಿದೆ ಅಂತ ಮೊದ್ಲು ನೋಡ್ಬೇಕು. ಎರಡು ಸಲ ಆದವರಿಗೆ 24 ಗಂಟೆ ಮೂತ್ರದ ಟೆಸ್ಟ್ ಮಾಡಿಸ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಬೆಳಿಗ್ಗೆ ಎದ್ದ ಕೂಡ್ಲೆ ಬರೋ ಮೊದಲ ಮೂತ್ರ ಚೆಲ್ಲಿ ಟೈಮ್ ಬರ್ಕೊಳಿ, ಆಮೇಲೆ ಒಂದು ಹನಿನೂ ಬಿಡ್ದೆ ಕ್ಯಾನಿಗೆ ಹಾಕಿ, ಮಾರನೇ ದಿನ ಅದೇ ಹೊತ್ತಿನ ಮೂತ್ರನೂ ಅದ್ರಲ್ಲೇ ಸೇರ್ಬೇಕು. ಟೆಸ್ಟ್ ಇದೆ ಅಂತ ಆವತ್ತೊಂದಿನ ಮಾತ್ರ ಪಥ್ಯ ಮಾಡ್ಬೇಡಿ, ದಿನಾ ತಿನ್ನೋದನ್ನೇ ತಿನ್ನಿ, ಇಲ್ದಿದ್ರೆ ರಿಪೋರ್ಟ್ ಸುಳ್ಳು ಹೇಳುತ್ತೆ. ಕಲ್ಲಿನ ನೋವು ಇಳಿದು ಒಂದು ತಿಂಗಳಾದ್ರೂ ಆಗಿರ್ಲಿ.

ರಿಪೋರ್ಟಲ್ಲಿ ನೋಡೋದು ಮೂತ್ರದ ಪ್ರಮಾಣ, ಕ್ಯಾಲ್ಸಿಯಂ, ಆಕ್ಸಲೇಟ್, ಸಿಟ್ರೇಟ್, ಯೂರಿಕ್ ಆ್ಯಸಿಡ್, ಸೋಡಿಯಂ. ಕ್ಯಾಲ್ಸಿಯಂ ಜಾಸ್ತಿ ಇದ್ರೆ ಪಕ್ಕದಲ್ಲೇ ಸೋಡಿಯಂ, ಅಂದ್ರೆ ಉಪ್ಪಿನಂಶ, ನೋಡಿ, ತುಂಬಾ ಜನಕ್ಕೆ ಕಳ್ಳ ಅಲ್ಲೇ ಸಿಗ್ತಾನೆ. ಕಿಡ್ನಿ ಉಪ್ಪನ್ನ ಹೊರಗೆ ಹಾಕುವಾಗ ಕ್ಯಾಲ್ಸಿಯಂನೂ ಜೊತೆಗೆ ಕಳ್ಸುತ್ತೆ. ರಕ್ತದಲ್ಲೂ ಕ್ಯಾಲ್ಸಿಯಂ ಜಾಸ್ತಿ ಇದ್ರೆ ಪ್ಯಾರಾಥೈರಾಯ್ಡ್ ಹಾರ್ಮೋನ್ (ರಕ್ತದ ಕ್ಯಾಲ್ಸಿಯಂ ಏರಿಸೋ ಹಾರ್ಮೋನ್) ನೋಡ್ಲೇಬೇಕು, ಅದನ್ನ ಮಾಡೋ ಕತ್ತಿನ ಗ್ರಂಥಿಯಲ್ಲಿ ಗಡ್ಡೆ ಇದ್ರೆ ಆಪರೇಷನ್ನೇ ಚಿಕಿತ್ಸೆ. ಸಿಟ್ರೇಟ್ ಕಲ್ಲು ಕಟ್ಟದಂಗೆ ತಡೆಯೋ ವಸ್ತು, ಅದು ಕಮ್ಮಿ ಇದ್ರೆ ಪೊಟ್ಯಾಸಿಯಂ ಸಿಟ್ರೇಟ್ ಕೊಡ್ತಾರೆ. ಯೂರಿಕ್ ಆ್ಯಸಿಡ್ ಜಾಸ್ತಿ ಇದ್ರೆ ಕೆಲವರಿಗೆ ಅದನ್ನ ಇಳಿಸೋ ಅಲೋಪ್ಯೂರಿನಾಲ್ ಮಾತ್ರೆ. ಮೂತ್ರದ ಕ್ಯಾಲ್ಸಿಯಂ ಇಳಿಸೋಕೆ ಥಯಜೈಡ್ ಗುಂಪಿನ ಮಾತ್ರೆ ದಶಕಗಳಿಂದ ಬರ್ಕೊಡ್ತಿದ್ದಾರೆ, ಆದ್ರೆ 2023ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಆ ಗುಂಪಿನ ಹೈಡ್ರೋಕ್ಲೋರೋಥಯಜೈಡ್‌ಗೂ ಔಷಧಿ ಇಲ್ಲದ ಖಾಲಿ ಮಾತ್ರೆಗೂ ಕಲ್ಲು ಮರುಕಳಿಸೋದ್ರಲ್ಲಿ ಹೇಳ್ಕೊಳೋ ವ್ಯತ್ಯಾಸ ಕಾಣ್ಲಿಲ್ಲ, ಹಾಗಾಗಿ ಎಲ್ರಿಗೂ ಅದನ್ನೇ ಬರೆಯೋ ಕಾಲ ಮುಗೀತು ಅಂತ ನನಗನ್ಸುತ್ತೆ.

ನೀರಿನ ವಿಷ್ಯ ಗೊತ್ತೇ ಇರುತ್ತೆ, ಆದ್ರೆ ಲೆಕ್ಕ ಹಾಕ್ಬೇಕಾಗಿರೋದು ಕುಡಿದಿದ್ದನ್ನಲ್ಲ, ಹೊರಗೆ ಬಂದಿದ್ದನ್ನ: ದಿನಕ್ಕೆ ಎರಡೂವರೆ ಲೀಟರ್ ಮೂತ್ರ. ಬೆವರು ಹರಿಯೋ ಕೆಲಸ ಇದ್ರೆ ಇನ್ನೂ ಜಾಸ್ತಿ ಕುಡೀಬೇಕು. ಪಾಲಕ್, ಬಾದಾಮಿಯಲ್ಲಿ ಆಕ್ಸಲೇಟ್ ಜಾಸ್ತಿ, ದಿನಾ ರಾಶಿ ತಿನ್ನೋದು ಬೇಡ. ವಿಟಮಿನ್ ಸಿ ದೊಡ್ಡ ಡೋಸಿನ ಮಾತ್ರೆ ನುಂಗ್ತಿದ್ರೆ ನಿಲ್ಸಿ, ಅದು ದೇಹದಲ್ಲಿ ಆಕ್ಸಲೇಟ್ ಆಗಿ ಬದಲಾಗುತ್ತೆ.

ಪ್ರಶ್ನೆ: ಅಮ್ಮಂಗೆ ಮೂಳೆ ಸವೆತ, ರಾತ್ರಿ ಮಲಗೋವಾಗ ಕ್ಯಾಲ್ಸಿಯಂ ಮಾತ್ರೆ ತಗೋತಾರೆ. ಹಿಂದೊಮ್ಮೆ ಕಲ್ಲಾಗಿತ್ತು. ನಿಲ್ಸಬೇಕಾ?

ಉತ್ತರ: ನೀವಾಗೇ ನಿಲ್ಸಬೇಡಿ, ಟೈಮ್ ಬದಲಾಯಿಸಿ. ಖಾಲಿ ಹೊಟ್ಟೇಲಿ ತಗೊಂಡ ಕ್ಯಾಲ್ಸಿಯಂಗೆ ಹಿಡ್ಕೊಳಕ್ಕೆ ಆಕ್ಸಲೇಟ್ ಸಿಗಲ್ಲ, ಮೂತ್ರಕ್ಕೆ ಹೋಗಿ ಸೇರುತ್ತೆ. ಊಟದ ಜೊತೆ ಕೊಡಿ, ಊಟದಲ್ಲೇ ಎಷ್ಟು ಸಿಗ್ತಿದೆ ಅಂತ ನೋಡ್ಕೊಂಡು ಕೊರತೆ ಇರೋಷ್ಟಕ್ಕೆ ಮಾತ್ರ ಮಾತ್ರೆ ಸಾಕು. ಡೋಸ್ ಎಷ್ಟು ಅನ್ನೋದನ್ನ ಮೂಳೆಗೆ ನೋಡ್ತಿರೋ ಡಾಕ್ಟ್ರ ಹತ್ರ, ಕಲ್ಲಾಗಿತ್ತು ಅಂತ ಹೇಳಿ ಕೇಳಿ.