ಪೋಲೆಂಡ್ ಅಂದ್ರೆ ಬರೀ ಲೆವಾಂಡೋವ್ಸ್ಕಿನಾ? ಡಿಫೆಂಡರ್‌ಗಳಲ್ಲಿ ಯಾರ ಕೆರಿಯರ್ ನೋಡ್ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಪೋಲೆಂಡ್ ಫುಟ್ಬಾಲ್ ಅಂದ ತಕ್ಷಣ ಎಲ್ರೂ ಸ್ಟ್ರೈಕರ್ ಲೆವಾಂಡೋವ್ಸ್ಕಿ ಅಂತಾರೆ, ಡಿಫೆನ್ಸ್‌ನಲ್ಲಿ ಆಡ್ದೋರಲ್ಲಿ ಕೂತು ನೋಡೋಂಥ ಕೆರಿಯರ್ ಯಾರದ್ದಾದ್ರೂ ಇದ್ಯಾ ಅಂತ. ಇದೆ, ಬೇಕಾದಷ್ಟಿದೆ. ಹಳೇ ಫ್ಯಾನ್ಸ್ ಕೇಳಿದ್ರೆ ವ್ವಾದಿಸ್ವಾವ್ ಝ್ಮೂದಾ ಅಂತಾರೆ, 1974ರಿಂದ 1986ರವರೆಗೆ ನಾಲ್ಕು ವರ್ಲ್ಡ್ ಕಪ್ ಆಡಿದೋನು, ಎರಡು ಸಲ ಪೋಲೆಂಡ್ ಮೂರನೇ ಸ್ಥಾನಕ್ಕೆ ಬಂದಾಗ್ಲೂ ಟೀಮಲ್ಲಿದ್ದೋನು. ಈಚಿನವ್ರು ಕಮಿಲ್ ಗ್ಲಿಕ್ ಅಂತಾರೆ, ಅದೂ ಸರೀನೇ. ಆದ್ರೆ ನನ್ನ ಕೇಳಿದ್ರೆ ವುಕಾಶ್ ಪಿಶ್ಚೆಕ್. ಕ್ಲಾಪ್ ಕೋಚ್ ಆಗಿದ್ದ ಕಾಲದಿಂದ ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್ಬಿನ ಮ್ಯಾಚ್ ಬಿಡದೆ ನೋಡಿದೀನಿ, ಆ ಟೀಮಲ್ಲಿ ಗೋಲ್ ಹೊಡೆದವ್ರಿಗಿಂತ ಜಾಸ್ತಿ ನಂಗೆ ಇಷ್ಟ ಆಗಿದ್ದು ಈ ರೈಟ್ ಬ್ಯಾಕು, ಅಂದ್ರೆ ಬಲಗಡೆ ಕಾಯೋ ಡಿಫೆಂಡರ್.

ಮೊದ್ಲು ಒಂದು ವಿಷ್ಯ ಹೇಳ್ಬೇಕು, ಇವ್ನು ಡಿಫೆಂಡರ್ ಆಗಿ ಶುರು ಮಾಡ್ದೋನೇ ಅಲ್ಲ. 1985ರಲ್ಲಿ ಹುಟ್ಟಿದ್ದು, ಬೆಳೆದಿದ್ದು ಪೋಲೆಂಡಿನ ದಕ್ಷಿಣದಲ್ಲಿ ಸೈಲೀಶಿಯಾ ಕಡೆ ಗೊಚಾವ್ಕೊವಿತ್ಸೆ ಅನ್ನೋ ಸಣ್ಣ ಊರಲ್ಲಿ. ಹುಡುಗ ಆಗಿದ್ದಾಗ ಸ್ಟ್ರೈಕರ್. 2004ರಲ್ಲಿ ಅಂಡರ್-19 ಯೂರೋದಲ್ಲಿ ಟಾಪ್ ಸ್ಕೋರರ್‌ಗಳಲ್ಲಿ ಒಬ್ಬ, ಅದನ್ನ ನೋಡೇ ಬರ್ಲಿನ್‌ನ ಹರ್ಟಾ ಕ್ಲಬ್ ಇವ್ನನ್ನ ತಗೊಳ್ತು, ತಗೊಂಡು ಅಲ್ಲೇ ಆಡಿಸದೆ ಲೋನ್ ಮೇಲೆ ವಾಪಸ್ ಪೋಲೆಂಡಿಗೇ ಕಳಿಸ್ತು, ಝಾಗ್ವೆಂಬ್ಯೆ ಲುಬಿನ್‌ಗೆ. ಅಲ್ಲಿ 2006-07ರಲ್ಲಿ ಲೀಗ್ ಗೆದ್ರು, ಆಗ್ಲೂ ಇವ್ನು ಮುಂದೆ ಆಡೋನೇ.

ಆ ಲುಬಿನ್ ದಿನಗಳಿಂದಲೇ ಒಂದು ಕಪ್ಪು ಚುಕ್ಕೆನೂ ಇದೆ, ಇಷ್ಟಪಟ್ಟೆ ಅಂತ ಅದನ್ನ ಮುಚ್ಚಿಡೋದು ಸರಿಯಲ್ಲ. 2006ರಲ್ಲಿ ಕ್ರಾಕೋವಿಯಾ ಜೊತೆಗಿನ ಒಂದು ಮ್ಯಾಚ್ ಫಿಕ್ಸ್ ಮಾಡೋಕೆ ಆಟಗಾರರು ದುಡ್ಡು ಒಟ್ಟು ಮಾಡಿದ್ರು, ಇವ್ನೂ ಕೊಟ್ಟಿದ್ದ. ಆಮೇಲೆ ತಾನೇ ಪ್ರಾಸಿಕ್ಯೂಟರ್ ಹತ್ರ ಹೋಗಿ ಒಪ್ಕೊಂಡ, 2011ರಲ್ಲಿ ಕೋರ್ಟು ಒಂದು ವರ್ಷದ ಸಸ್ಪೆಂಡೆಡ್ ಶಿಕ್ಷೆ ಮತ್ತೆ ದಂಡ ಹಾಕ್ತು. ಪೋಲೆಂಡ್ ಫುಟ್ಬಾಲ್‌ನಲ್ಲಿ ಆ ಕಾಲದಲ್ಲಿ ಇದು ಊರೆಲ್ಲ ಹಬ್ಬಿದ್ದ ರೋಗ, ಅಷ್ಟು ಮಾತ್ರಕ್ಕೆ ತಪ್ಪು ತಪ್ಪಲ್ಲ ಅಂತಾಗಲ್ಲ.

ಈಗ ಅಸಲಿ ಕಥೆಗೆ ಬರೋಣ. 2007ರಲ್ಲಿ ಹರ್ಟಾಗೆ ವಾಪಸ್ ಹೋದ, ಮೊದ್ಲು ಫಾರ್ವರ್ಡು, ಆಮೇಲೆ ರೈಟ್ ವಿಂಗು, ಆಮೇಲೆ ಲುಸಿಯಾನ್ ಫಾವ್ರ್ ಕೋಚ್ ಆಗಿದ್ದಾಗ ರೈಟ್ ಬ್ಯಾಕ್ ಮಾಡಿ ನೋಡಿದ್ರು. ಇಪ್ಪತ್ನಾಲ್ಕು ವರ್ಷದ ಸ್ಟ್ರೈಕರ್‌ಗೆ ಹೋಗಿ ಡಿಫೆನ್ಸಲ್ಲಿ ನಿಂತ್ಕೋ ಅಂದ್ರೆ ಬೇರೆ ಯಾರಾದ್ರೂ ಮುಖ ಊದಿಸ್ಕೊಂಡು ಇನ್ನೊಂದು ಕ್ಲಬ್ ಹುಡುಕ್ತಿದ್ರು, ಇವ್ನು ಕಲಿಯೋಕೆ ಕೂತ. 2009-10ರಲ್ಲಿ ಹರ್ಟಾ ಕೊನೇ ಸ್ಥಾನಕ್ಕೆ ಬಿದ್ದು ಜರ್ಮನಿಯ ಟಾಪ್ ಲೀಗ್ ಬುಂಡೆಸ್‌ಲಿಗಾದಿಂದಲೇ ಹೊರಗೆ ಹೋಯ್ತು, ಆ ಮುಳುಗಿದ ಟೀಮಿಂದ ಡಾರ್ಟ್‌ಮುಂಡ್ ಇವ್ನನ್ನ ಒಂದು ಪೈಸೆ ಟ್ರಾನ್ಸ್‌ಫರ್ ಫೀ ಇಲ್ದೆ ಎತ್ಕೊಂಡು ಬಂತು. ಅದೇ ಬೇಸಿಗೆಯಲ್ಲಿ ಲೆಖ್ ಪೊಜ್ನಾನ್‌ನಿಂದ ಲೆವಾಂಡೋವ್ಸ್ಕಿನೂ ಬಂದ, ಕುಬಾ ಬ್ವಾಶ್ಚಿಕೋವ್ಸ್ಕಿ 2007ರಿಂದಲೇ ಅಲ್ಲಿದ್ದ. ಮೂರು ಜನ ಪೋಲೆಂಡಿನವ್ರು ಒಂದೇ ಟೀಮಲ್ಲಿ, ಅದ್ರಲ್ಲೂ ಕುಬಾ ಮತ್ತೆ ಪಿಶ್ಚೆಕ್ ಒಂದೇ ಸೈಡಲ್ಲಿ ಹಿಂದೆ ಮುಂದೆ.

ಆ ಬಲಗಡೆ ಸೈಡನ್ನ ನೀವು ಒಂದ್ಸಲ ಗಮನ ಇಟ್ಟು ನೋಡ್ಬೇಕು. ಕುಬಾ ಬಾಲ್ ತಗೊಂಡು ಲೈನ್ ಬಿಟ್ಟು ಒಳಗೆ ಬರ್ತಾನೆ, ಎದುರಾಳಿ ಲೆಫ್ಟ್ ಬ್ಯಾಕ್ ಅವ್ನ ಹಿಂದೇನೇ ಎರಡು ಹೆಜ್ಜೆ ಒಳಗೆ ಬಂದೇ ಬರ್ತಾನೆ, ಆ ಎರಡು ಹೆಜ್ಜೆಗೆ ಕಾಯ್ತಿರ್ತಾನೆ ಪಿಶ್ಚೆಕ್. ಅಷ್ಟೊತ್ತು ಸುಮ್ನೆ ಜಾಗಿಂಗ್ ಮಾಡ್ತಿರೋನ ಥರ ಇದ್ದೋನು ಒಂದೇ ಉಸಿರಿಗೆ ಹೊರಗಿಂದ ಓಡ್ತಾನೆ, ಕುಬಾ ತಲೆ ಎತ್ತಿ ನೋಡದೇನೇ ಪಾಸ್ ಕೊಡ್ತಾನೆ. ಇಲ್ಲಿ ಹಳೇ ಸ್ಟ್ರೈಕರ್ ಬುದ್ಧಿ ಕೆಲ್ಸ ಮಾಡೋದು: ಮಾಮೂಲಿ ಫುಲ್ ಬ್ಯಾಕ್‌ಗಳು ಲೈನ್ ತಂಕ ಹೋಗಿ ಕಣ್ಣು ಮುಚ್ಚಿ ಕ್ರಾಸ್ ಎತ್ತಿ ಬಿಡ್ತಾರೆ, ಇವ್ನು ಸ್ಟ್ರೈಕರ್‌ಗೆ ಬಾಲ್ ಎಲ್ಲಿ ಬೇಕು ಅಂತ ಗೊತ್ತಿರೋದ್ರಿಂದ ಡಿಫೆಂಡರ್ ಮತ್ತೆ ಗೋಲಿ ಮಧ್ಯದ ಜಾಗಕ್ಕೆ ನೆಲಕ್ಕೆ ಒತ್ತಿ ಹಾಕ್ತಾನೆ ಇಲ್ಲಾಂದ್ರೆ ಹಿಂದಕ್ಕೆ ಎಳೆದು ಕೊಡ್ತಾನೆ. ವಾಪಸ್ ಓಡೋದ್ರಲ್ಲೂ ಹಂಗೇ, ವಿಂಗರ್ ಯಾವಾಗ ಒಳಗೆ ಕಟ್ ಮಾಡ್ತಾನೆ ಅನ್ನೋದು ಇವ್ನಿಗೆ ಮುಂಚೇನೇ ಗೊತ್ತಿರ್ತಿತ್ತು, ಯಾಕಂದ್ರೆ ತಾನೂ ಆ ಕೆಲ್ಸ ಮಾಡಿದೋನೇ. ಕಾಲೇಜಲ್ಲಿ ನಾನೂ ರೈಟ್ ಬ್ಯಾಕ್ ಆಡ್ತಿದ್ದೆ, ಯಾವಾಗ ಓಡ್ಬಾರ್ದು ಅನ್ನೋದನ್ನ ಇವ್ನನ್ನ ನೋಡೇ ಕಲಿತಿದ್ದು.

2011, 2012 ಎರಡು ವರ್ಷ ಸತತವಾಗಿ ಲೀಗು, 2012ರಲ್ಲಿ ಬಾಯರ್ನ್ ಮ್ಯೂನಿಕ್‌ಗೆ 5-2 ಹೊಡೆದು ಜರ್ಮನ್ ಕಪ್ಪು. ಇದನ್ನೆಲ್ಲ ಎಲ್ಲಾದ್ರೂ ಓದ್ಬಹುದು, ಬಿಡಿ. ನಂಗೆ ಮುಖ್ಯ ಅನ್ಸೋದು 2013. ಆ ಸೀಸನ್ನಿನ ಕೊನೇ ತಿಂಗಳುಗಳಲ್ಲಿ ಇವ್ನ ಹಿಪ್ ಕೆಟ್ಟು ಹೋಗಿತ್ತು, ಆಪರೇಷನ್ ಆಗ್ಲೇಬೇಕಿತ್ತು, ಆದ್ರೂ ಸೀಸನ್ ಮುಗೀಲಿ ಅಂತ ಮುಂದಕ್ಕೆ ಹಾಕಿ ನೋವು ನುಂಗ್ಕೊಂಡು ಆಡ್ದ. ಆ ಸ್ಥಿತಿಯಲ್ಲೇ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ ಇವ್ನ ಸೈಡಿಗೆ ಬಂದಿದ್ದು ರೊನಾಲ್ಡೊ. ಅವತ್ತು ಲೆವಾಂಡೋವ್ಸ್ಕಿ ನಾಲ್ಕು ಗೋಲ್ ಹೊಡೆದು 4-1 ಆಯ್ತು, ಜಗತ್ತೆಲ್ಲ ಅದನ್ನೇ ಮಾತಾಡ್ತು, ಸರಿ, ಆದ್ರೆ ರೊನಾಲ್ಡೊ ಹೊಡೆದ ಆ ಒಂದು ಗೋಲೂ ಡಾರ್ಟ್‌ಮುಂಡ್ ಸೆಂಟರ್ ಬ್ಯಾಕ್ ಹುಮ್ಮಲ್ಸ್ ತಪ್ಪಿಂದ ಬಂದಿದ್ದೇ ಹೊರ್ತು ಪಿಶ್ಚೆಕ್ ಸೈಡಿಂದ ಅಲ್ಲ. ಆಮೇಲೆ ವೆಂಬ್ಲಿ ಫೈನಲ್, ನಮ್ಮಲ್ಲಿ ಮಧ್ಯರಾತ್ರಿ ದಾಟಿ ಶುರುವಾಗಿತ್ತು, ಎದುರಿಗೆ ಬಾಯರ್ನ್‌ನ ರಿಬೆರಿ. 89ನೇ ನಿಮಿಷಕ್ಕೆ ರಾಬೆನ್ ಹೊಡೆದ, 2-1ಕ್ಕೆ ಸೋತ್ರು. ಅದಾದ್ಮೇಲೆ ಆಪರೇಷನ್ನು, ಮತ್ತೆ ಗ್ರೌಂಡಿಗೆ ಇಳಿದಿದ್ದು ನವೆಂಬರ್‌ನಲ್ಲಿ.

ಅಲ್ಲಿಂದ ಮುಂದೆ ಮೊದಲಿನ ಆ ಓಟ ಪೂರ್ತಿ ವಾಪಸ್ ಬರ್ಲಿಲ್ಲ ಅಂತ ನನ್ನ ಅಭಿಪ್ರಾಯ, ಒಪ್ಪದೇ ಇರೋರು ಇದಾರೆ. ಆದ್ರೆ ಓಟ ಕಮ್ಮಿ ಆದಷ್ಟೂ ನಿಲ್ಲೋ ಜಾಗ ಸರಿ ಆಗ್ತಾ ಹೋಯ್ತು. ಕುಬಾ ಹೋದ, ಲೆವಾಂಡೋವ್ಸ್ಕಿ ಬಾಯರ್ನ್‌ಗೇ ಹೋದ, ಕ್ಲಾಪ್ ಹೋದ್ರು, ಇವ್ನು ಅಲ್ಲೇ ಉಳ್ಕೊಂಡ. 2017ರಲ್ಲಿ ಟೀಮ್ ಬಸ್ ಮೇಲೆ ಬಾಂಬ್ ದಾಳಿ ಆಗಿ ಡಿಫೆಂಡರ್ ಮಾರ್ಕ್ ಬಾರ್ತ್ರಾಗೆ ಗಾಯ ಆಯ್ತಲ್ಲ, ಮಾರನೇ ದಿನವೇ ಮೊನಾಕೊ ಮೇಲೆ ಆಡಿಸಿದ್ರು. ಆ ಮ್ಯಾಚಲ್ಲಿ ಪಿಶ್ಚೆಕ್ ಕೊಟ್ಟ ಪಾಸನ್ನೇ ಎಂಬಾಪೆ ಕಸ್ಕೊಂಡು ಮೂರನೇ ಗೋಲ್ ಹೊಡೆದ. ಅವತ್ತು ಆ ಹುಡುಗ್ರನ್ನ ಗ್ರೌಂಡಿಗೆ ಇಳಿಸಿದ್ದೇ ಅನ್ಯಾಯ, ಇವತ್ತಿಗೂ ನಂಗೆ ಹಂಗೇ ಅನ್ಸುತ್ತೆ. ಮೊನಾಕೊ ಡಿಫೆನ್ಸಲ್ಲಿ ಎದುರಿಗೆ ನಿಂತಿದ್ದೋನು ಇವ್ನ ನ್ಯಾಷನಲ್ ಟೀಮ್ ಜೊತೆಗಾರ ಗ್ಲಿಕ್ಕೇ.

2018ರಲ್ಲಿ ಅದೇ ಫಾವ್ರ್ ಡಾರ್ಟ್‌ಮುಂಡ್ ಕೋಚ್ ಆಗಿ ಬಂದ್ರು, ಮುಂದೆ ಮೂರು ಜನರ ಡಿಫೆನ್ಸ್ ಆಡಿಸೋಕೆ ಶುರು ಮಾಡ್ದಾಗ ಇವ್ನನ್ನ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ತಂದು ಸೆಂಟರ್ ಬ್ಯಾಕ್ ಮಾಡಿದ್ರು. ನೋಡಿ, ಸ್ಟ್ರೈಕರ್, ವಿಂಗರ್, ರೈಟ್ ಬ್ಯಾಕ್, ಸೆಂಟರ್ ಬ್ಯಾಕ್, ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಇಳಿದ ಕೆರಿಯರ್ ಇದು, ನಾನು ಇವ್ನ ಹೆಸ್ರು ಹೇಳೋಕೆ ಅಸಲಿ ಕಾರಣ ಇದೇ. ಕೊನೇ ಸೀಸನ್ನಲ್ಲಿ ಬೆಂಚ್ ಮೇಲೆ ಕೂತಿದ್ದ, ರೈಟ್ ಬ್ಯಾಕ್ ಮ್ಯುನಿಯರ್‌ಗೆ ಗಾಯ, ಇನ್ನೊಬ್ಬ ರೈಟ್ ಬ್ಯಾಕ್ ಮೊರೆಗೆ ಜರ್ಮನ್ ಕಪ್ ಸೆಮಿಫೈನಲ್‌ನಲ್ಲಿ ಕೆಟ್ಟ ಗಾಯ, ಹಂಗಾಗಿ 2021ರ ಮೇ 13ಕ್ಕೆ ಬರ್ಲಿನ್‌ನಲ್ಲಿ ಲೈಪ್‌ಜಿಗ್ ಮೇಲಿನ ಫೈನಲ್‌ಗೆ ಮೂವತ್ತೈದು ವರ್ಷದ ಪಿಶ್ಚೆಕ್ಕೇ ರೈಟ್ ಬ್ಯಾಕು. ಸಾಂಚೊ ಎರಡು, ಹಾಲಂಡ್ ಎರಡು, 4-1. ಕೊರೋನಾ ಅಂತ ಸ್ಟೇಡಿಯಂ ಖಾಲಿ, ವಿಸಿಲ್ ಆದ್ಮೇಲೆ ಇವ್ನು ಮಗು ಥರ ಅತ್ತ, ಟೀಮ್‌ನವ್ರು ಎತ್ತಿ ಎತ್ತಿ ಗಾಳಿಗೆ ಹಾರಿಸಿದ್ರು. ಅದು ಅವ್ನ ಮೂರನೇ ಜರ್ಮನ್ ಕಪ್ಪು. ಹನ್ನೊಂದು ವರ್ಷ, ಒಂದೇ ಕ್ಲಬ್, 382 ಮ್ಯಾಚು.

ಆಮೇಲೆ ಏನ್ ಮಾಡ್ದ ಗೊತ್ತಾ, ಅಮೆರಿಕ ಗಲ್ಫ್ ಅಂತ ದುಡ್ಡಿನ ಹಿಂದೆ ಹೋಗದೆ ತನ್ನೂರು ಗೊಚಾವ್ಕೊವಿತ್ಸೆ ಕ್ಲಬ್‌ಗೇ ಆಡೋಕೆ ಹೋದ, ಪೋಲೆಂಡಿನ ನಾಲ್ಕನೇ ಹಂತದ ಲೀಗು, ಜೊತೆಗೆ ಕೋಚಿಂಗೂ. ಅಲ್ಲೇ ಮಕ್ಕಳಿಗೆ ಡಾರ್ಟ್‌ಮುಂಡ್ ಹೆಸ್ರಲ್ಲಿ ಅಕಾಡೆಮಿ ಕೂಡ ಇದೆ. 2024ರಲ್ಲಿ ಡಾರ್ಟ್‌ಮುಂಡ್‌ನಲ್ಲಿ ಆಗಿನ ಹೆಡ್ ಕೋಚ್ ನೂರಿ ಶಾಹಿನ್‌ಗೆ ಅಸಿಸ್ಟೆಂಟ್ ಕೋಚ್ ಆಗಿದ್ದ, ಅದೇ ಸೆಪ್ಟೆಂಬರ್‌ನಲ್ಲಿ ಇವ್ನಿಗೂ ಕುಬಾಗೂ ಒಟ್ಟಿಗೆ ವಿದಾಯದ ಮ್ಯಾಚ್ ಇಟ್ರು, ಕ್ಲಾಪೂ ಬಂದಿದ್ರು.

ಪೋಲೆಂಡ್ ಪರ 66 ಮ್ಯಾಚ್ ಆಡಿದಾನೆ. ನೀವು ಒಂದೇ ಒಂದು ಮ್ಯಾಚ್ ನೋಡೋದಾದ್ರೆ 2014ರ ಅಕ್ಟೋಬರ್‌ದು ನೋಡಿ, ವಾರ್ಸಾದಲ್ಲಿ ಜರ್ಮನಿ ಮೇಲೆ. ಜರ್ಮನಿ ಮೂರು ತಿಂಗಳ ಹಿಂದಷ್ಟೇ ವರ್ಲ್ಡ್ ಕಪ್ ಗೆದ್ದಿತ್ತು, ಪೋಲೆಂಡ್ ಅದುವರೆಗೂ ಒಂದ್ಸಲನೂ ಅವ್ರನ್ನ ಸೋಲಿಸಿರ್ಲಿಲ್ಲ. ಸೆಕೆಂಡ್ ಹಾಫ್ ಶುರುವಾಗಿ ಸ್ವಲ್ಪ ಹೊತ್ತಿಗೇ ಬಲಗಡೆಯಿಂದ ಪಿಶ್ಚೆಕ್ ಒಂದು ಕ್ರಾಸ್ ಹಾಕ್ತಾನೆ, ಬಿಡ್ಲಾ ಹಿಡೀಲಾ ಅಂತ ಯೋಚ್ನೆ ಮಾಡೋ ಥರದ ಎತ್ತರ, ಜರ್ಮನಿ ಗೋಲಿ ನೋಯರ್ ಹಿಡಿಯೋಕೆ ಮುಂದೆ ಬರ್ತಾನೆ, ಬಾಲ್ ಸಿಗಲ್ಲ, ಪೋಲೆಂಡ್ ಸ್ಟ್ರೈಕರ್ ಮಿಲಿಕ್ ತಲೆ ಕೊಡ್ತಾನೆ, ಗೋಲು. ಕೊನೆಗೆ 2-0. ಯೂಟ್ಯೂಬಲ್ಲಿ ಹುಡುಕಿ ನೋಡಿ, ಮಿಲಿಕ್‌ನ ನೋಡ್ಬೇಡಿ, ಕ್ರಾಸ್ ಹಾಕೋ ಮುಂಚೆ ಪಿಶ್ಚೆಕ್ ತಲೆ ಎತ್ತಿ ಎಲ್ಲಿ ನೋಡ್ತಾನೆ ಅಂತ ನೋಡಿ.