ಎಕ್ಸೋಮ್ ವರದಿ ನಾರ್ಮಲ್ ಬಂದಿದೆ, ಆದರೂ ಮಗು ಮಾತಾಡುತ್ತಿಲ್ಲ

ಪ್ರಶ್ನೆ: ಮಗನಿಗೆ ನಾಲ್ಕೂವರೆ ವರ್ಷ. ಐದಾರು ಪದ ಬಿಟ್ಟರೆ ಮಾತಿಲ್ಲ, ಮುಖ ಕೊಟ್ಟು ನೋಡುವುದಿಲ್ಲ, ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುತ್ತಾನೆ. ಆಟಿಸಂ ಎಂದಿದ್ದಾರೆ. ಸಾಲ ಮಾಡಿ ಎಕ್ಸೋಮ್ ಪರೀಕ್ಷೆ ಮಾಡಿಸಿದೆವು, ಏನೂ ಸಿಗಲಿಲ್ಲ. ನಾನು ಮದುವೆಯಾಗಿರುವುದು ಸೋದರಮಾವನನ್ನು. ಅದೇ ಕಾರಣ ಎಂದು ಮನೆಯಲ್ಲಿ ಮಾತು. ನಮ್ಮ ತಂದೆಗೆ 62ರಿಂದ ಕೈನಡುಕ, ನಡೆಯುವಾಗ ತೂರಾಡುತ್ತಾರೆ. ಅಕ್ಕನಿಗೆ 36ಕ್ಕೇ ಮುಟ್ಟು ನಿಂತಿತು. ಇವಕ್ಕೂ ಮಗನ ತೊಂದರೆಗೂ ಸಂಬಂಧ ಉಂಟೇ?
– ಒಬ್ಬ ತಾಯಿ, ಹಾವೇರಿ

ಉತ್ತರ: ಇರಬಹುದು. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತಂದೆ ಮತ್ತು ಅಕ್ಕನ ಬಗ್ಗೆ ಬರೆದ ಆ ಎರಡು ಸಾಲು. ಫ್ರಜೈಲ್ ಎಕ್ಸ್ ಎಂಬ, ಎಕ್ಸ್ ವರ್ಣತಂತುವಿನ ಮೂಲಕ ಬರುವ ಆನುವಂಶಿಕ ಸ್ಥಿತಿಯನ್ನು ಮೊದಲು ಪರೀಕ್ಷಿಸಿ.

ಎಕ್ಸೋಮ್ ಪರೀಕ್ಷೆ ಓದುವುದು ಪ್ರೋಟೀನಿನ ವಿವರ ಇರುವ ಭಾಗವನ್ನು ಮಾತ್ರ, ಅಂದರೆ ಒಟ್ಟು ಡಿಎನ್‌ಎಯ ಶೇ. 1–2ರಷ್ಟು. ಅದನ್ನೂ ಸಣ್ಣ ಸಣ್ಣ ತುಂಡುಗಳಾಗಿ ಓದುತ್ತದೆ. ಫ್ರಜೈಲ್ ಎಕ್ಸ್‌ನಲ್ಲಿ ದೋಷ ಇರುವುದು ಎಫ್‌ಎಂಆರ್1 ಎಂಬ ಜೀನಿನ ಆ ವಿವರಕ್ಕಿಂತ ಮುಂಚಿನ ಜಾಗದಲ್ಲಿ. ಅಲ್ಲಿ ಸಿಜಿಜಿ ಎಂಬ ಮೂರಕ್ಷರ ಸಾಲಾಗಿ ಮರುಕಳಿಸುತ್ತದೆ. 44ರವರೆಗೆ ಸಹಜ, 45ರಿಂದ 54 ಗಡಿರೇಖೆ, 55ರಿಂದ 200 ಪ್ರಿಮ್ಯುಟೇಶನ್ (ಪೂರ್ಣ ದೋಷದ ಹಿಂದಿನ ಹಂತ), 200 ದಾಟಿದರೆ ಪೂರ್ಣ ಮ್ಯುಟೇಶನ್. ಇಷ್ಟು ಉದ್ದದ ಸಾಲು ಎಕ್ಸೋಮ್‌ನ ಲೆಕ್ಕಕ್ಕೆ ಸಿಗುವುದಿಲ್ಲ.

200 ದಾಟಿದಾಗ ಜೀವಕೋಶ ಆ ಜಾಗಕ್ಕೆಲ್ಲ ಮಿಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ಗುರುತುಗಳನ್ನು ಅಂಟಿಸಿ ಜೀನಿಗೇ ಬೀಗ ಹಾಕಿಬಿಡುತ್ತದೆ. ಪ್ರೋಟೀನಿನ ವಿವರದಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ. ಅದನ್ನು ಓದಲು ಅವಕಾಶವೇ ಇರುವುದಿಲ್ಲ, ಅಷ್ಟೆ. ಎಫ್‌ಎಂಆರ್‌ಪಿ ಎಂಬ ಪ್ರೋಟೀನ್ ತಯಾರಾಗುವುದು ನಿಲ್ಲುತ್ತದೆ. ಈ ಪ್ರೋಟೀನಿನ ಕೆಲಸವೂ ನಿಯಂತ್ರಣದ್ದೇ. ನರಕೋಶಗಳು ಒಂದನ್ನೊಂದು ಸಂಧಿಸುವ ಜಾಗದಲ್ಲಿ ಇದು, ಜೀನಿನ ವಿವರ ಹೊತ್ತ ನಕಲುಗಳಾದ, ನೂರಾರು ಆರ್‌ಎನ್‌ಎಗಳನ್ನು ತಡೆದು ಹಿಡಿದು, ಸಂಕೇತ ಬಂದಾಗ ಮಾತ್ರ ಅವುಗಳಿಂದ ಪ್ರೋಟೀನ್ ತಯಾರಾಗಲು ಬಿಡುತ್ತದೆ. ತಡೆ ಇಲ್ಲದಾಗ ಹೊತ್ತಲ್ಲದ ಹೊತ್ತಿನಲ್ಲಿ ಪ್ರೋಟೀನುಗಳು ಹೆಚ್ಚಾಗುತ್ತವೆ, ಸಂಧಿಗಳು ಬಲಿಯದೆ ಉದ್ದುದ್ದ, ತೆಳ್ಳಗೆ ಉಳಿಯುತ್ತವೆ. ಕೇಳಿದ್ದು, ಮುಟ್ಟಿದ್ದು, ಕಂಡದ್ದನ್ನೆಲ್ಲ ಮಿದುಳು ಹದಕ್ಕೆ ತರಲಾರದು. ಇಂಥ ಮಕ್ಕಳಿಗೆ ಮಿಕ್ಸಿ ಸದ್ದು ಸಹಿಸಲಾಗದಿರುವುದು ಹಟವಲ್ಲ.

ಇನ್ನು ನಿಮ್ಮ ತಂದೆಯ ವಿಷಯ. ಪ್ರಿಮ್ಯುಟೇಶನ್‌ನಲ್ಲಿ ಜೀನಿಗೆ ಬೀಗ ಬೀಳುವುದಿಲ್ಲ. ಆರ್‌ಎನ್‌ಎ ಮಿತಿಮೀರಿ ತಯಾರಾಗಿ ಕೋಶಕ್ಕೆ ಹೊರೆಯಾಗುತ್ತದೆ. ಅದರಿಂದ ಕೆಲವು ಗಂಡಸರಿಗೆ 50 ದಾಟಿದ ಮೇಲೆ ಕೈನಡುಕ, ತೂರಾಟ. ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅಂಡಾಶಯ ನಲವತ್ತಕ್ಕೆ ಮೊದಲೇ ಸೋಲುತ್ತದೆ. ತಂದೆಯ ಎಕ್ಸ್ ವರ್ಣತಂತು ಹೆಣ್ಣುಮಕ್ಕಳಿಗೆಲ್ಲ ಹೋಗುತ್ತದೆ. ಆ ಸಾಲು ಉದ್ದವಾಗಿ 200 ದಾಟುವುದು ತಾಯಿಯಿಂದ ಮಗುವಿಗೆ ಹೋಗುವಾಗ. ಗಂಡುಮಗುವಿಗೆ ಅಪ್ಪನಿಂದ ಬರುವುದು ವೈ ವರ್ಣತಂತು, ಎಕ್ಸ್ ಅಲ್ಲ. ಆದ್ದರಿಂದ ಇದು ಫ್ರಜೈಲ್ ಎಕ್ಸ್ ಎಂದು ಖಚಿತವಾದರೆ ಸೋದರಿಕೆಯ ಮದುವೆಗೂ ಇದಕ್ಕೂ ಸಂಬಂಧವಿಲ್ಲ. ಹಾಗೆಂದು ಇದು ನಿಮ್ಮ ತಪ್ಪೂ ಅಲ್ಲ, ನಿಮ್ಮ ತಂದೆಯದೂ ಅಲ್ಲ. ಮನೆಯವರಿಗೆ ದಯವಿಟ್ಟು ಇದನ್ನು ಓದಿ ಹೇಳಿ.

ಚೀಟಿಯಲ್ಲಿ ‘ಎಫ್‌ಎಂಆರ್1, ಟ್ರಿಪ್ಲೆಟ್ ಪ್ರೈಮ್ಡ್ ಪಿಸಿಆರ್’ ಎಂದೇ ಬರೆಸಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2–3 ಮಿ.ಲೀ. ರಕ್ತ ಸಾಕು, ಉಪವಾಸ ಬೇಡ. ಮಾಮೂಲಿ ಪಿಸಿಆರ್ (ಡಿಎನ್‌ಎ ತುಂಡನ್ನು ನಕಲು ಮಾಡಿ ನೋಡುವ ಪರೀಕ್ಷೆ) ಸಾಲದು: ಉದ್ದದ ಸಾಲು ಅದರಲ್ಲಿ ನಕಲಾಗುವುದೇ ಇಲ್ಲ. ಗಂಡುಮಗುವಿನ ವರದಿಯಲ್ಲಿ ‘ಆಂಪ್ಲಿಫಿಕೇಶನ್ ಆಗಲಿಲ್ಲ’ ಎಂದಿದ್ದರೆ ಅದು ನಾರ್ಮಲ್ ಅಲ್ಲ, ಅನುಮಾನ ಹೆಚ್ಚಿಸುವ ವಿಷಯ. ಹೆಣ್ಣುಮಗುವಿನಲ್ಲಿ ಮೋಸ ಇನ್ನೂ ಸುಲಭ. ಸರಿಯಿರುವ ಎಕ್ಸ್ ಒಂದೇ ಕಾಣಿಸಿ ವರದಿ ಸಹಜವೆಂದು ಬರುತ್ತದೆ. ಸಾಲು ಉದ್ದ ಕಂಡರೆ, ಬೀಗ ಬಿದ್ದಿದೆಯೇ ಎಂದು ತಿಳಿಯಲು ಸದರ್ನ್ ಬ್ಲಾಟ್ ಅಥವಾ ಮಿಥೈಲೇಶನ್ ಪಿಸಿಆರ್ ಆಗಲೇಬೇಕು. ಮೊದಲು ಮಗನಿಗೆ, ಆಮೇಲೆ ನಿಮಗೆ, ನಂತರ ಅಕ್ಕನಿಗೆ ಮತ್ತು ತಂದೆಗೆ.

ಇನ್ನೊಂದು ಮಗು ಬೇಕೆಂದಿದ್ದರೆ ಗರ್ಭ ನಿಲ್ಲುವ ಮುಂಚೆಯೇ ಜೆನೆಟಿಕ್ಸ್ ವೈದ್ಯರನ್ನು ಕಾಣಿ. 11–13 ವಾರದಲ್ಲಿ ಮಾಸಿನ ತುಣುಕು ತೆಗೆದು ಮಾಡುವ ಪರೀಕ್ಷೆಯಲ್ಲಿ ಸಾಲಿನ ಉದ್ದ ತಿಳಿಯುತ್ತದೆ. ಬೀಗ ಬಿದ್ದಿದೆಯೇ ಎಂಬುದನ್ನು ಮಾತ್ರ ಆ ಹೊತ್ತಿಗೆ ನಂಬಲಾಗದು. ಮಿಥೈಲ್ ಗುರುತು ಮಾಸಿನಲ್ಲಿ ಇನ್ನೂ ನೆಲೆಯಾಗಿರುವುದಿಲ್ಲ. ಅನುಮಾನ ಉಳಿದರೆ 16 ವಾರದ ನಂತರ ಗರ್ಭಜಲದ ಪರೀಕ್ಷೆ.

ಪ್ರಶ್ನೆ: ಮಗಳು ಒಂದೂವರೆ ವರ್ಷದವರೆಗೆ ಸರಿಯಿದ್ದಳು. ಆಮೇಲೆ ಮಾತು ಹೋಯಿತು, ಈಗ ಸದಾ ಕೈ ಹೊಸೆಯುತ್ತಾಳೆ. ರೆಟ್ ಸಿಂಡ್ರೋಮ್ ಎಂದು ಖಚಿತವಾಗಿದೆ. ಸರಿಯಾದ ಜೀನ್ ಸೇರಿಸಿದರೆ ಸಾಲದೇ?
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಇಲ್ಲಿ ಕಷ್ಟ ಇರುವುದು ಅಳತೆಯಲ್ಲಿ. ಎಂಇಸಿಪಿ2 ಎಂಬ ಈ ಜೀನಿನ ಪ್ರೋಟೀನ್, ಮಿಥೈಲ್ ಗುರುತಿರುವ ಡಿಎನ್‌ಎಯನ್ನು ಹಿಡಿದು ಅಲ್ಲಿನ ಜೀನುಗಳ ಸದ್ದು ತಗ್ಗಿಸುತ್ತದೆ. ಹುಡುಗಿಯರ ಪ್ರತಿ ಕೋಶದಲ್ಲೂ ಎರಡರಲ್ಲಿ ಒಂದೇ ಎಕ್ಸ್ ಕೆಲಸ ಮಾಡುವುದರಿಂದ, ನಿಮ್ಮ ಮಗಳ ಮಿದುಳಿನಲ್ಲಿ ಸರಿಯಿರುವ ಕೋಶ, ಸರಿಯಿಲ್ಲದ ಕೋಶ ಅಕ್ಕಪಕ್ಕದಲ್ಲೇ ಇವೆ. ಎಲ್ಲಕ್ಕೂ ಜೀನ್ ಸೇರಿಸಿದರೆ ಸರಿಯಿದ್ದವಕ್ಕೆ ದುಪ್ಪಟ್ಟಾಗುತ್ತದೆ. ದುಪ್ಪಟ್ಟು ಕೂಡ ಕಾಯಿಲೆಯೇ: ಈ ಜೀನ್ ಎರಡೆರಡಿರುವ ಗಂಡುಮಕ್ಕಳಲ್ಲಿ ಮೈ ಸಡಿಲ, ಫಿಟ್ಸ್, ಮೇಲಿಂದ ಮೇಲೆ ಸೋಂಕು ಕಾಣುತ್ತದೆ.

ಭರವಸೆಗೂ ಗಟ್ಟಿ ಕಾರಣವಿದೆ. ರೆಟ್‌ನಲ್ಲಿ ನರಕೋಶಗಳು ಸಾಯುವುದಿಲ್ಲ. 2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ತಂಡ, ಲಕ್ಷಣ ತೋರಿದ್ದ ಇಲಿಗಳಲ್ಲಿ ಈ ಜೀನನ್ನು ಮತ್ತೆ ಚಾಲೂ ಮಾಡಿದಾಗ ಲಕ್ಷಣಗಳು ಬಹುಮಟ್ಟಿಗೆ ಹಿಮ್ಮೆಟ್ಟಿದವು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೋಫಿನೆಟೈಡ್ ಎಂಬ ಔಷಧಿ ಜೀನನ್ನು ಸರಿಪಡಿಸುವುದಿಲ್ಲ, ಲಕ್ಷಣಗಳನ್ನು ಸ್ವಲ್ಪ ತಗ್ಗಿಸುತ್ತದೆ, ಭೇದಿ ಸಾಮಾನ್ಯ.

ಈಗಲೇ ಮಾಡಬೇಕಾದದ್ದು: ವರ್ಷಕ್ಕೊಮ್ಮೆ ಇಸಿಜಿ. ಈ ಮಕ್ಕಳಲ್ಲಿ ಇಸಿಜಿಯಲ್ಲಿ ಕಾಣುವ ಕ್ಯುಟಿ ಅವಧಿ (ಹೃದಯ ಬಡಿದು ಮುಂದಿನ ಬಡಿತಕ್ಕೆ ಸಜ್ಜಾಗಲು ಹಿಡಿಯುವ ಸಮಯ) ಉದ್ದವಾಗಬಹುದು. ಸೋಂಕಿಗೆ ಕೊಡುವ ಅಜಿತ್ರೋಮೈಸಿನ್, ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್ ಅದನ್ನು ಇನ್ನಷ್ಟು ಎಳೆಯುತ್ತವೆ. ಜ್ವರಕ್ಕೋ ವಾಂತಿಗೋ ಹೋದಾಗಲೂ ರೆಟ್ ಇದೆಯೆಂದು ಮೊದಲೇ ತಿಳಿಸಿ.

ಪ್ರಶ್ನೆ: ‘ನಿಂತ ಜೀನ್ ಚಾಲೂ ಮಾಡುವ’ ಮಿಥೈಲ್ ಫೋಲೇಟ್ ಪುಡಿ ಕೊಡಬಹುದೇ?
– ಓದುಗರು, ಮೈಸೂರು

ಉತ್ತರ: ಆ ಆಸೆಗೆ ಹಣ ಸುರಿಯಬೇಡಿ. ಮಿಥೈಲ್ ಗುರುತು ಅಂಟುವುದೂ ಬಿಡುವುದೂ ಕೋಶದೊಳಗಿನ ಕಿಣ್ವಗಳ ಕೆಲಸ; ಬಾಯಿಂದ ತೆಗೆದುಕೊಂಡ ಪುಡಿ ಒಂದು ಜೀನನ್ನು ಹುಡುಕಿಕೊಂಡು ಹೋಗುವುದಿಲ್ಲ. ಫ್ರಜೈಲ್ ಎಕ್ಸ್‌ಗೆ ಫೋಲಿಕ್ ಆಮ್ಲವನ್ನು 1980ರ ದಶಕದಲ್ಲೇ ಕೊಟ್ಟು ನೋಡಿದ್ದಾರೆ, ನೆಚ್ಚುವಂಥ ಫಲ ಸಿಗಲಿಲ್ಲ. ಗರ್ಭಿಣಿಯಾಗಲಿರುವವರು ಫೋಲಿಕ್ ಆಮ್ಲ ತೆಗೆದುಕೊಳ್ಳುವುದು ಬೇರೆ ಮಾತು. ಅದು ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳಲು, ತಪ್ಪದೆ ತೆಗೆದುಕೊಳ್ಳಿ.

ಎಲ್ಲ ಜೀನುಗಳನ್ನೂ ಒಟ್ಟಿಗೆ ಕೆಣಕುವ ಔಷಧಿಯ ಅಪಾಯ ಎಂಥದ್ದು ಎಂಬುದಕ್ಕೆ ಫಿಟ್ಸ್ ಮಾತ್ರೆ ವಾಲ್‌ಪ್ರೊಯೇಟ್ ಇದೆ. ಬಿಗಿಯಾಗಿ ಸುತ್ತಿಕೊಂಡ ಡಿಎನ್‌ಎಯನ್ನು ಅದು ಸಡಿಲಿಸುತ್ತದೆ. ಗರ್ಭಿಣಿ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷ, ಆಟಿಸಂ, ಕಲಿಕೆಯ ಕುಂದು ಹೆಚ್ಚುತ್ತವೆ. ಈಗ ಅದನ್ನು ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸಬಾರದು, ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಜೋರಾಗುತ್ತದೆ; ಗರ್ಭದ ಯೋಚನೆ ಬಂದ ಕೂಡಲೇ ನರರೋಗ ತಜ್ಞರಿಗೆ ಹೇಳಿ ಬದಲಿಸಿಕೊಳ್ಳಿ. ಪುಡಿಗೆ ಇಟ್ಟ ಹಣ ಸ್ಪೀಚ್ ಥೆರಪಿಗೆ ಹೋಗಲಿ. ಮೈಸೂರಿನವರೇ ಆದ್ದರಿಂದ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ನಿಮಗೆ ಹತ್ತಿರವೇ ಇದೆ.