12 ವೋಲ್ಟ್ ಅಡಾಪ್ಟರ್‌ಗೆ 4007 ಡಯೋಡ್ ಯಾಕೆ ಆಗುವುದಿಲ್ಲ?

ಪ್ರಶ್ನೆ: ಸರ್, ನಮ್ಮ ಮನೆಯ ವೈಫೈ ರೌಟರ್‌ನ 12 ವೋಲ್ಟ್, 2 ಆಂಪ್ ಅಡಾಪ್ಟರ್ ಕೆಟ್ಟಿತ್ತು. ಲೈಟ್ ಮಿಣುಕುತ್ತ ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು. ಬಿಚ್ಚಿ ನೋಡಿದರೆ ಔಟ್‌ಪುಟ್ ಕಡೆಯ ಡಯೋಡ್ ಶಾರ್ಟ್. ಅದರ ಮೇಲೆ ‘ಎಸ್‌ಆರ್5’ ಅಷ್ಟೇ ಕಾಣುತ್ತದೆ, ಮಿಕ್ಕದ್ದು ಸುಟ್ಟುಹೋಗಿದೆ. ಅಂಗಡಿಯವರು 1ಎನ್4007 ಕೊಟ್ಟು, ‘ಸಾವಿರ ವೋಲ್ಟ್ ತಡೆಯುತ್ತೆ, ಕಣ್ಣುಮುಚ್ಚಿ ಹಾಕಿ’ ಅಂದರು. 2 ಆಂಪ್ ಬೇಕಲ್ಲ ಅಂತ ಎರಡನ್ನು ಪ್ಯಾರಲಲ್ ಹಾಕಿದೆ. ಸ್ವಲ್ಪ ಹೊತ್ತಿಗೇ ವಾಸನೆ ಬಂದು ಎರಡೂ ಹೋದವು. ಯಾವುದನ್ನು ಹಾಕಲಿ?

ಉತ್ತರ: ಎಸ್‌ಆರ್5100 ಕೇಳಿ. ಅದು 5 ಆಂಪ್, 100 ವೋಲ್ಟ್‌ನ ಶಾಟ್ಕಿ ಡಯೋಡ್. ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ, ಅದರಲ್ಲಿ ಬಹಳ ಬೇಗ ಮುಚ್ಚಿಕೊಳ್ಳುವ ಜಾತಿ ಶಾಟ್ಕಿ. ಎಸ್‌ಬಿ5100 ಕೊಟ್ಟರೂ ಆದೀತು. ಈ ಸಾಲಿನಲ್ಲಿ ಅಕ್ಷರಗಳ ನಂತರದ ಮೊದಲ ಅಂಕಿ ಆಂಪ್, ಉಳಿದದ್ದು ವೋಲ್ಟ್. ನಿಮ್ಮ ಹಳೆಯದು 560 ಆಗಿದ್ದರೂ 5100 ಹಾಕಲು ಅಡ್ಡಿಯಿಲ್ಲ.

ಅಂಗಡಿಯವರು ಸುಳ್ಳು ಹೇಳಿಲ್ಲ, 4007 ಸಾವಿರ ವೋಲ್ಟ್ ತಡೆಯುತ್ತದೆ. ಅದೇ ಬೋರ್ಡಿನ ಇನ್ನೊಂದು ತುದಿಯಲ್ಲಿ, 230 ವೋಲ್ಟ್ ಬರುವ ಕಡೆ, ನಾಲ್ಕು 4007 ಇದ್ದರೂ ಇರಬಹುದು. ಅಲ್ಲಿ ನಡೆಯುವುದು 50 ಹರ್ಟ್ಸ್, ಒಂದು ಸುತ್ತಿಗೆ 20 ಮಿಲಿಸೆಕೆಂಡ್. ವೋಲ್ಟೇಜ್‌ನ ದಿಕ್ಕು ಬದಲಾದ ಮೇಲೆ 4007 ಪೂರ್ತಿ ಮುಚ್ಚಿಕೊಳ್ಳಲು ಸುಮಾರು 2 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. 20 ಮಿಲಿಸೆಕೆಂಡಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಟ್ರಾನ್ಸ್‌ಫಾರ್ಮರ್‌ನ ಆಚೆ ಕಡೆ ಕಥೆ ಬೇರೆ. ಇಂಥ ಅಡಾಪ್ಟರ್ ಸಾಮಾನ್ಯವಾಗಿ 65 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಓಡುತ್ತದೆ, ಒಂದು ಸುತ್ತಿಗೆ 15 ಮೈಕ್ರೋಸೆಕೆಂಡ್. ಪ್ರತಿ ಸುತ್ತಿನಲ್ಲೂ 2 ಮೈಕ್ರೋಸೆಕೆಂಡ್ ಡಯೋಡ್ ಹಿಂದಕ್ಕೂ ಕರೆಂಟ್ ಬಿಟ್ಟರೆ ಕಾಯದೆ ಇನ್ನೇನಾದೀತು?

ಪ್ಯಾರಲಲ್ ಹಾಕಿದ್ದೂ ಕೆಲಸಕ್ಕೆ ಬರುವುದಿಲ್ಲ. ಡಯೋಡ್ ಬಿಸಿಯಾದಷ್ಟೂ ಅದರ ಮೇಲಿನ ವೋಲ್ಟೇಜ್ ಇಳಿಯುತ್ತದೆ. ಹಾಗಾಗಿ ಮೊದಲು ಬಿಸಿಯಾದದ್ದೇ ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತದೆ, ಇನ್ನಷ್ಟು ಬಿಸಿಯಾಗುತ್ತದೆ. ಅದು ಶಾರ್ಟ್ ಆದ ಮೇಲೆ ಇನ್ನೊಂದು ಇದ್ದೂ ಇಲ್ಲದ ಹಾಗೆ.

ಬೇರೆ ಅಂಗಡಿಗೆ ಹೋದರೆ 1ಎನ್5822 ಕೊಡಬಹುದು. ಅದೂ ಶಾಟ್ಕಿ, 3 ಆಂಪ್, ವೇಗಕ್ಕೇನೂ ಕೊರತೆಯಿಲ್ಲ. ಆದರೆ ಅದರ ಮಿತಿ 40 ವೋಲ್ಟ್. ಔಟ್‌ಪುಟ್ 12 ವೋಲ್ಟ್ ತಾನೆ ಅನ್ನಿಸುತ್ತದೆ, ಅಲ್ಲೇ ಎಡವುವುದು. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ 325 ವೋಲ್ಟ್ ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಸುತ್ತುಗಳ ಅನುಪಾತ 10ಕ್ಕೆ 1 ಅಂದುಕೊಂಡರೆ ಔಟ್‌ಪುಟ್ ಕಡೆಯ ಡಯೋಡ್‌ಗೆ 32 ವೋಲ್ಟ್ ಉಲ್ಟಾ ಬರುತ್ತದೆ, ಅದರ ಮೇಲೆ ಔಟ್‌ಪುಟ್‌ನ 12. ಒಟ್ಟು 44. ಸ್ವಿಚ್ ಆಗುವಾಗಿನ ಸ್ಪೈಕ್ ಬೇರೆ. ಹಾಗಾಗಿ 5822 ಸಾಮಾನ್ಯವಾಗಿ 5 ವೋಲ್ಟ್ ಚಾರ್ಜರ್‌ಗೇ ಸರಿ.

ಹಾಗಂತ ವೋಲ್ಟ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಶಾಟ್ಕಿಯಲ್ಲಿ ತಡೆಯುವ ವೋಲ್ಟ್ ಏರಿದಂತೆ, ಕರೆಂಟ್ ಬಿಡುವಾಗ ಡಯೋಡ್ ತಾನೇ ತಿನ್ನುವ ವೋಲ್ಟೇಜ್ ಕೂಡ ಏರುತ್ತದೆ, ಬಿಸಿಯೂ ಏರುತ್ತದೆ. ನಿಮ್ಮ ಅಡಾಪ್ಟರ್‌ಗೆ 100 ವೋಲ್ಟ್ ಹದವಾದ ಆಯ್ಕೆ. ಶಾಟ್ಕಿ ಸಿಗಲೇ ಇಲ್ಲವೆಂದರೆ ಯುಎಫ್5402 ಹಾಕಿ ನಡೆಸಬಹುದು: 3 ಆಂಪ್, 200 ವೋಲ್ಟ್, ಮುಚ್ಚಿಕೊಳ್ಳಲು 50 ನ್ಯಾನೋಸೆಕೆಂಡ್. ಎಸ್‌ಆರ್5100ಗಿಂತ ಹೆಚ್ಚು ಕಾಯುತ್ತದೆ, ಅದೊಂದು ತಾಪತ್ರಯ.

ಕೈ ಹಾಕುವ ಮುನ್ನ ಒಂದು ಮಾತು. ಪ್ಲಗ್ ಕಿತ್ತ ಮೇಲೂ ಒಳಗಿನ 400 ವೋಲ್ಟ್‌ನ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಮೀಟರಿನಲ್ಲಿ ಅದರ ವೋಲ್ಟೇಜ್ ಸೊನ್ನೆಗೆ ಬಂದದ್ದು ನೋಡಿಕೊಂಡೇ ಬೋರ್ಡ್ ಮುಟ್ಟಿ.

ಸುಟ್ಟ 4007ಗಳನ್ನು ಕಿತ್ತ ಮೇಲೆ, ಔಟ್‌ಪುಟ್ ಕೆಪಾಸಿಟರ್‌ನ ಒಂದು ಕಾಲು ಎತ್ತಿ ಅದನ್ನೂ ಪರೀಕ್ಷಿಸಿ. ಡಯೋಡ್ ಶಾರ್ಟ್ ಆಗಿದ್ದಾಗ ಅದಕ್ಕೆ ಉಲ್ಟಾ ವೋಲ್ಟೇಜ್ ಬಿದ್ದಿರುತ್ತದೆ. ನೆತ್ತಿ ಉಬ್ಬಿದ್ದರೆ ಬದಲಿಸಿಬಿಡಿ. ಎಸ್‌ಆರ್5100ರ ಕಾಲು 4007ಗಿಂತ ದಪ್ಪ. ಪಟ್ಟಿ ಇರುವ ತುದಿ ಹಳೆಯದು ಕೂತಿದ್ದ ದಿಕ್ಕಿಗೇ ಇರಲಿ, ಮೈ ಬೋರ್ಡಿಗೆ ಅಂಟದೆ ಸ್ವಲ್ಪ ಮೇಲೆ ನಿಲ್ಲಲಿ.

ರೌಟರನ್ನು ತಕ್ಷಣ ಸಿಕ್ಕಿಸಬೇಡಿ. ಮೀಟರ್ 12 ತೋರಿಸಿದ ಮೇಲೆ ಬೈಕಿನ 12 ವೋಲ್ಟ್, 10 ವ್ಯಾಟ್ ಇಂಡಿಕೇಟರ್ ಬಲ್ಬ್ ಹಚ್ಚಿ ಅರ್ಧ ಗಂಟೆ ಬಿಡಿ. ತಣ್ಣಗಿನ ಬಲ್ಬ್ ಹೆಚ್ಚು ಕರೆಂಟ್ ಎಳೆಯುವುದರಿಂದ ಶುರುವಿನಲ್ಲಿ ಒಂದೆರಡು ಸಲ ಮಿಣುಕಿದರೆ ಗಾಬರಿ ಬೇಡ.